ಹಿಂದಿನ ಸಾಲು

ಅಪ್ಪನನ್ನು ಕರೆದೊಯ್ಯಲಿದ್ದ ವಿಯೆಟ್ನಾಂ ಪ್ರವಾಸದ ಒಂದು ಸಂಜೆಯನ್ನು ನದಿದಂಡೆಯ ದೊಡ್ಡ ಬಯಲು ಪ್ರದರ್ಶನಕ್ಕೆಂದೇ ಇಟ್ಟಿದ್ದೆ. ಮೊಳಕಾಲ್ಮೂರಿನ ಮನೆಯಲ್ಲಿ ಅಪ್ಪನಿಗೆ ಮೊಬೈಲಿನಲ್ಲಿ ಆ ಪ್ರದರ್ಶನದ ಜಾಹೀರಾತು ವಿಡಿಯೋ ತೋರಿಸಿದೆ. ರಂಗದ ನಡುವೆ ಹೆಂಗಸೊಬ್ಬಳು ಮಗ್ಗದಲ್ಲಿ ನೇಯುತ್ತಿದ್ದಳು. ಅಪ್ಪ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಅದನ್ನೇ ಮೂರು ಸಲ ನೋಡಿದ.

ಅವ್ವ ರೇಷ್ಮೆ ಸೀರೆ ನೇಯುತ್ತಲೇ ಮಗ್ಗದ ಮೇಲೆ ಕುಸಿದು ಸತ್ತು ವರ್ಷವಾಗಿತ್ತು. ಆಮೇಲೆ ಅಪ್ಪ ಮಗ್ಗ ಮುಟ್ಟಿರಲಿಲ್ಲ.

“ಮುಂದಿನ ಸಾಲಿನ ಟಿಕೆಟ್ ತಗೋತೀನಿ,” ಎಂದೆ.

“ಬ್ಯಾಡ. ಕೊನೇ ಸಾಲಿಂದು ತಗೋ.”

ನನಗೆ ರೇಗಿತು. “ನಿನಗೆ ಮೊದಲೇ ದೂರದ್ದು ಕಾಣಲ್ಲ. ಅಷ್ಟು ದೂರ ಹೋಗಿ ಹಿಂದೆ ಕೂತು ಏನು ನೋಡ್ತೀಯಾ?”

“ಆ ಮಗ್ಗದಾಗೆ ಒಂದೆಳೆ ನೂಲಿಲ್ಲ ಕಣವ್ವ, ಬರೀ ಕೈ ಆಡಿಸ್ತಾಳೆ. ಹತ್ರ ಕೂತ್ರೆ ಅದೇ ಕಾಣ್ತೈತೆ. ದೂರದಿಂದಾದ್ರೆ ನಿಮ್ಮವ್ವನಂಗೇ ಕಾಣ್ತಾಳೆ.”