ಬಿಳಿ ಗೀಟಿನ ಟೈರು

"ನಿನ್ನ ಗಡಿಯಾರಾನೆಲ್ಲಾ ಮೂಟೆ ಕಟ್ಕಂಡೋಗಿ ಹೆಬ್ಬಾಳದ ಕೆರೆಗೆ ಬಿಸಾಕಲಾ!" ಎಂದು ವೀರಬಸಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಹಲಗೆಯ ಮೇಲೆ ಕುಕ್ಕಿದ.

"ಬಿಸಾಕೋಕೆ ಗಡಿಯಾರ ಎಲ್ಲಿವೆ ಅಣ್ಣಾ?" ಎಂದ ವಹಾಬ್. "ರಿಪೇರಿಗೆ ಕೊಟ್ಟಿದ್ದನ್ನ ಈ ವಾರ ಮೂರು ಜನ ಹಾಗೇ ವಾಪಸ್ ಇಸ್ಕೊಂಡು ಹೋದ್ರು. ಮೂರೂ ಜನ ರೈಲ್ವೆಯೋರು."

"ಅದಕ್ಕೆ ನಾನೇನ್ಲಾ ಮಾಡ್ಲಿ? ನೆಟ್ಟಗೆ ಕೆಲ್ಸ ಮಾಡಿದ್ರೆ ಯಾಕ್ ಇಸ್ಕಂಡೋಗೋರು?"

"ಹೋದ ಭಾನುವಾರ ಯಲಹಂಕದಲ್ಲಿ ಅಷ್ಟು ಜನದ ಮುಂದೆ ನೀವು ಆಡಿದ ಮಾತು ಯಶವಂತಪುರ ಸ್ಟೇಷನ್ ತನಕ ಬಂದಿದೆ. ಅದಕ್ಕೆ."

"ಬರ್ಲಿ! ಇದ್ದದ್ದನ್ನೇ ಏಳ್ದೆ. ಎಂಟು ನಿಮಿಷ ಕಣಯ್ಯಾ, ಎಂಟು ನಿಮಿಷ ಮುಂಚೆ! ಎಲ್ಲಾದ್ರೂ ಬೆಂಕಿ ಬಿದ್ದಿತ್ತಾ, ನಾವು ಆರಿಸಾಕೆ ಒಂಟಿದ್ವಾ?"

ವಹಾಬ್ ಆ ಸ್ಪ್ಯಾನರನ್ನು ಎತ್ತಿ ಪಕ್ಕಕ್ಕಿಟ್ಟ. ವೀರಬಸಪ್ಪನಿಗೆ ಅದೇ ಇನ್ನಷ್ಟು ಸಿಟ್ಟು ತರಿಸಿತು. ಎದುರಿಗಿದ್ದವನು ಕೂಗಿದ್ದರೆ ಅವನಿಗೂ ಕೂಗಲು ಅನುಕೂಲವಾಗುತ್ತಿತ್ತು.

ಕೊಡಿಗೇಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಅವರಿಬ್ಬರ ಮಧ್ಯೆ ನಿಂತಿದ್ದದ್ದು ಇಪ್ಪತ್ತೊಂದು ವರ್ಷದ ಹಳೆಯ ಫಿಯಟ್ ಕಾರು. ಆರ್.ಟಿ. ನಗರದ ಡಾಕ್ಟರೊಬ್ಬರು ಗುಜರಿಗೆ ಹಾಕಲು ಹೊರಟಿದ್ದನ್ನು ವೀರಬಸಪ್ಪ ಎತ್ತಿನ ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದ. ವಾರವೆಲ್ಲ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಭಾನುವಾರ ಬಂತೆಂದರೆ ಶೆಡ್ಡು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಆಚೆ ಓದಿದವನಲ್ಲ. ಆದರೆ ಇಂಜಿನ್ನಿನ ಸದ್ದು ಕೇಳಿ ಅದರ ಹೊಟ್ಟೆಯಲ್ಲಿ ಏನು ಕೆಟ್ಟಿದೆಯೆಂದು ಹೇಳುತ್ತಿದ್ದ. ಅಂಗಡಿಯಲ್ಲಿ ಸಿಗದ ಸಾಮಾನನ್ನು ಲೇತಿನಲ್ಲಿ ತಾನೇ ಕಡೆದು ಕೂರಿಸುತ್ತಿದ್ದ. ಮೂರು ವರ್ಷ ಹಾಗೆ ಕುಟ್ಟಿ, ಕೆರೆದು, ಬೆಸೆದು ಆ ಕಾರಿಗೆ ಮತ್ತೆ ಜೀವ ಬರಿಸಿದ್ದ.

ವಹಾಬನದು ಯಶವಂತಪುರ ಸ್ಟೇಷನ್ನಿನ ಎದುರು ಒಂಟಿ ಬಾಗಿಲಿನ ಗಡಿಯಾರದ ಅಂಗಡಿ. ಗಾರ್ಡುಗಳು, ಇಂಜಿನ್ ಡ್ರೈವರುಗಳು ಬೇರೆ ಕಡೆ ಹೋಗುತ್ತಿರಲಿಲ್ಲ. ವಹಾಬನ ಕೈಯಿಂದ ಬಂದ ಗಡಿಯಾರವನ್ನು ಇನ್ನೊಂದು ಗಡಿಯಾರಕ್ಕೆ ಹೊಂದಿಸಿ ನೋಡುವ ಅಗತ್ಯವಿಲ್ಲ ಎಂಬುದು ಅಲ್ಲಿ ಎಲ್ಲರ ಮಾತು. ಆ ಅಂಗಡಿ ನಡೆಯುತ್ತಿದ್ದದ್ದು ಅದೊಂದು ಹೆಸರಿನ ಮೇಲೆ.

ಇವರಿಬ್ಬರನ್ನು ಜೊತೆ ಮಾಡಿದ್ದು ರ್ಯಾಲಿ. ಅದು ಯಾರು ಮೊದಲು ಮುಟ್ಟುತ್ತಾರೆ ಎಂಬ ಓಟವಲ್ಲ. ದಾರಿಯ ಪುಸ್ತಕ ಕೊಡುತ್ತಾರೆ. ಇಲ್ಲಿಂದ ಇಲ್ಲಿಗೆ ಗಂಟೆಗೆ ಮೂವತ್ತೆಂಟು ಕಿಲೋಮೀಟರಿನ ಲೆಕ್ಕದಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ನಲವತ್ತೆರಡು ಎಂದು ಬರೆದಿರುತ್ತದೆ. ಎಲ್ಲೋ ಒಂದು ಹುಣಸೆಮರದ ಮರೆಯಲ್ಲಿ ಮೇಜು ಹಾಕಿಕೊಂಡು ಕೂತವರು ನೀವು ಬಂದ ಹೊತ್ತನ್ನು ಬರೆದುಕೊಳ್ಳುತ್ತಾರೆ. ಒಂದು ನಿಮಿಷ ತಡವಾದರೆ ಒಂದು ಅಂಕ ಹೋಯಿತು. ಒಂದು ನಿಮಿಷ ಮುಂಚೆ ಬಂದರೆ ಎರಡು. ಹಾಗಾಗಿ ಸ್ಟಿಯರಿಂಗ್ ಹಿಡಿದವನಷ್ಟೇ ಪಕ್ಕದಲ್ಲಿ ಗಡಿಯಾರ ಹಿಡಿದವನೂ ಮುಖ್ಯ. ವಹಾಬ್ ಎರಡು ಜೇಬುಗಡಿಯಾರಗಳನ್ನು ಕೂರಿಸಲು ತೇಗದ ಪುಟ್ಟ ಚೌಕಟ್ಟು ಮಾಡಿಸಿ ಕಾರಿನ ಡ್ಯಾಶ್‌ಬೋರ್ಡಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದ. ಐದು ವರ್ಷದಲ್ಲಿ ಎರಡು ಸಲ ಮೂರನೆಯವರಾಗಿ ಬಂದಿದ್ದರು. ಈ ಸಲ ಮೊದಲ ಬಹುಮಾನದ ಕಪ್ಪು ತಮ್ಮದೇ ಎಂದು ಇಬ್ಬರಿಗೂ ಒಳಗೊಳಗೇ ಗೊತ್ತಿತ್ತು.

ಪ್ರತಿ ರ್ಯಾಲಿಗೆ ಮುಂಚೆ ವಹಾಬನದೊಂದು ಪದ್ಧತಿ. ಹೆಬ್ಬಾಳದಿಂದ ಯಲಹಂಕದ ಆಚೆಯವರೆಗೆ ರಸ್ತೆಬದಿಯ ಕಿಲೋಮೀಟರು ಕಲ್ಲಿನಿಂದ ಕಲ್ಲಿಗೆ ಮೂರು ಸಲ ಹೋಗಿ ಬಂದು, ಕಾರಿನ ಮೀಟರು ದೂರವನ್ನು ಎಷ್ಟು ತಪ್ಪು ತೋರಿಸುತ್ತದೆಂದು ಬರೆದುಕೊಳ್ಳುತ್ತಿದ್ದ. "ಮೀಟರು ಸುಳ್ಳು ಹೇಳಿದ್ರೆ ಪರವಾಗಿಲ್ಲ ಅಣ್ಣಾ. ಯಾವಾಗ್ಲೂ ಅಷ್ಟೇ ಸುಳ್ಳು ಹೇಳಿದ್ರೆ ಸಾಕು, ನಾನು ಸರಿ ಮಾಡ್ಕೋತೀನಿ" ಎನ್ನುತ್ತಿದ್ದ. ಅಳೆದಾದ ಮೇಲೆ ಹಿಂದಿನ ಎರಡು ಟೈರುಗಳಿಗೆ ಬಿಳಿ ಬಣ್ಣದಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದ. ಮೀಟರು ಓಡುವುದು ಹಿಂದಿನ ಚಕ್ರದ ಲೆಕ್ಕದ ಮೇಲೆ. ಆ ಟೈರು ಬದಲಾದರೆ ಅಳೆದದ್ದೆಲ್ಲ ನೀರಿಗೆ ಹೋದ ಹಾಗೆ. ಮೊದಲ ವರ್ಷ ಹೊರಡುವ ಮುನ್ನ ಅವನು ಕೈಬ್ಯಾಟರಿಯ ಬೆಳಕು ಬಿಟ್ಟು ಗೀಟು ನೋಡಲು ಬಗ್ಗಿದಾಗ ವೀರಬಸಪ್ಪ ಸಿಡಿದಿದ್ದ.

"ಏನ್ಲಾ, ಪೊಲೀಸ್ನೋನ ಥರ ಬ್ಯಾಟ್ರಿ ಬಿಡ್ತೀಯ? ನನ್ ಮೇಲೆ ನಂಬಿಕೆ ಇಲ್ವಾ?"

ಅಂದಿನಿಂದ ವಹಾಬ್ ಬಗ್ಗಿ ನೋಡುವುದನ್ನು ಬಿಟ್ಟಿದ್ದ. ಬಾಯಲ್ಲಿ ಕೇಳುತ್ತಿದ್ದ, ಅಷ್ಟೇ. ಕೇಳಿದ್ದಕ್ಕೆ ಉತ್ತರ ಬಂದ ಮೇಲೆ ಮತ್ತೆ ನೋಡುತ್ತಿರಲಿಲ್ಲ.

ಈ ಸಲ ಶನಿವಾರ ಮಧ್ಯಾಹ್ನ ಅಳತೆ ಮುಗಿಸಿ, ಗೀಟು ಎಳೆದು, ವಹಾಬ್ ಸೈಕಲ್ ಹತ್ತಿ ಹೋದ. ಸಂಜೆ ವೀರಬಸಪ್ಪ ಊರ ಹೊರಗಿನ ಮಣ್ಣುದಾರಿಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಕಾರಿನ ತಳ ಕಲ್ಲಿಗೆ ಉಜ್ಜಿತು. ಮರುದಿನದ ದಾರಿಯಲ್ಲಿ ನೆಲಮಂಗಲದಿಂದ ಮಧುರೆ ಕಡೆಗೆ ಬರೀ ಕಲ್ಲುಮಣ್ಣು. ಅವನಿಗೆ ಕಾರಿನ ಹೊಟ್ಟೆಯ ಚಿಂತೆ ಹತ್ತಿತು. ಹೊಸ ರಬ್ಬರು ಹಾಕಿಸಿ ರಿಸೋಲ್ ಮಾಡಿಸಿಟ್ಟಿದ್ದ ದಪ್ಪ ಟೈರು ಎರಡು ಅಟ್ಟದ ಮೇಲಿದ್ದವು. ಸವೆದ ಟೈರು ಬಿಚ್ಚಿ ಅವನ್ನು ಹಿಂದಕ್ಕೆ ಹಾಕಿದ. ಕಾರು ಒಂದು ಬೆರಳು ಮೇಲೆ ನಿಂತಿತು. ವಹಾಬನಿಗೆ ಹೇಳಬೇಕು ಎಂದುಕೊಂಡ. ಒಂದು ಬೆರಳಿನಲ್ಲಿ ಏನಾದೀತು ಎಂದೂ ಅಂದುಕೊಂಡ.

ಭಾನುವಾರ ಬೆಳಗಿನ ಜಾವ ಯಶವಂತಪುರದಲ್ಲಿ ಹತ್ತಿಪ್ಪತ್ತು ಕಾರು ಸಾಲುಗಟ್ಟಿದ್ದವು. ಇನ್ನೂ ನೆಟ್ಟಗೆ ಬೆಳಕು ಹರಿದಿರಲಿಲ್ಲ. ಫಿಯಟ್ಟಿನ ಹಿಂದಿನ ಚಕ್ರ ಮಡ್‌ಗಾರ್ಡಿನೊಳಗೆ ಅರ್ಧ ಮುಚ್ಚಿಹೋಗಿ ಗೀಟು ಕಾಣುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಹರಟುತ್ತ ನಿಂತ ಸೂಟುಬೂಟಿನವರ ನಡುವೆ ವಹಾಬ್ ಎಂದಿನಂತೆ ಕೇಳಿದ, "ಅಣ್ಣಾ, ಅಳೆದ ಮೇಲೆ ಚಕ್ರ ಏನಾದ್ರೂ ಮುಟ್ಟಿದ್ರಾ?"

ಹೌದು ಎಂದರೆ ವಹಾಬ್ ಅಲ್ಲೇ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಸುತ್ತ ನಿಂತವರು, ಈ ಹಳ್ಳಿ ಮೆಕ್ಯಾನಿಕ್ಕಿಗೆ ಇಷ್ಟೂ ತಿಳಿಯದೇ ಎಂದು ನಗುತ್ತಾರೆ. ವೀರಬಸಪ್ಪ "ಇಲ್ಲ ಕಣೋ, ಕಾರು ಅತ್ತು" ಎಂದ.

ಮಾಕಳಿ ದಾಟುತ್ತಿದ್ದಂತೆ ವಹಾಬ್ ಚಡಪಡಿಸಿದ. "ಅಣ್ಣಾ, ರಸ್ತೆ ಕಲ್ಲು ಒಂದು ಹೇಳ್ತಿದೆ, ನಮ್ಮ ಮೀಟರು ಇನ್ನೊಂದು ಹೇಳ್ತಿದೆ. ಮೀಟರು ಹಿಂದೆ ಬೀಳ್ತಿದೆ."

"ಕಲ್ಲು ನೆಟ್ಟೋನು ಎಂಡ ಕುಡ್ಕಂಡು ನೆಟ್ಟವ್ನೆ. ಹಳೇ ಮೈಲಿಕಲ್ಲು ಕಿತ್ತು ಇವನ್ನ ನಿಲ್ಸಿದ್ದು ನಂಗೊತ್ತಿಲ್ವಾ? ನೀನು ಮೀಟ್ರು ನೋಡು."

"ಚಕ್ರ ಮುಟ್ಟಿಲ್ಲ ತಾನೇ?"

"ಎಷ್ಟು ಸಲ ಕೇಳ್ತೀಯಲಾ!"

ವಹಾಬ್ ಕಲ್ಲನ್ನು ಬಿಟ್ಟು ಮೀಟರು ಹಿಡಿದ. ಮೀಟರಿನ ಪ್ರಕಾರ ಅವರು ಹಿಂದೆ ಬಿದ್ದಿದ್ದರು. "ಬೇಗ ಅಣ್ಣಾ, ಇನ್ನೂ ಬೇಗ" ಎಂದು ದಾರಿಯುದ್ದಕ್ಕೂ ಹೇಳಿದ. ವೀರಬಸಪ್ಪ ಕೆರೆ ಏರಿಯ ಮೇಲೂ ಕಾಲು ಎತ್ತಲಿಲ್ಲ. ಎಷ್ಟು ಚೆನ್ನಾಗಿ ಓಡಿಸಿದನೆಂದರೆ, ಹೊತ್ತು ಬರೆದುಕೊಳ್ಳುವ ನಾಲ್ಕು ಮೇಜಿಗೂ ಎರಡೆರಡು ನಿಮಿಷ ಮುಂಚೆ ಮುಟ್ಟಿಸಿದ. ಹದಿನಾರು ಅಂಕ ಹೋಯಿತು. ಗೆದ್ದವರದು ಹೋದದ್ದು ಬರೀ ಏಳು.

ಯಲಹಂಕದಲ್ಲಿ ಕೊನೆಯ ಮೇಜಿನ ಮುಂದೆ ಕೂತಿದ್ದವನು ಗೂಡ್ಸ್ ಗಾಡಿಯ ಗಾರ್ಡ್ ಸುಬ್ರಹ್ಮಣ್ಯ. ರಜೆಯ ದಿನ ರ್ಯಾಲಿ ನಡೆಸುವ ಸಂಘಕ್ಕೆ ಬಂದು ಕೈಜೋಡಿಸುತ್ತಿದ್ದ. "ಏನ್ ವೀರಬಸಪ್ಪ, ನಿಮ್ಮಿಬ್ಬರಿಗೆ ಇವತ್ತು ಏನಾಯ್ತು?" ಎಂದು ಕೇಳಿದ.

"ಇವನ್ನ ಕೇಳಿ! ಇವನ ಗಡಿಯಾರಕ್ಕೆ ದೆವ್ವ ಮೆಟ್ಕಂಡೈತೆ. ನಿಮ್ ರೈಲ್ವೆಯೋರು ಇವನತ್ರ ಗಡಿಯಾರ ಕೊಟ್ರೆ ಪ್ಯಾಸೆಂಜರ್ ಹತ್ತೋಕೆ ಮುಂಚೆ ರೈಲು ಒಂಟೋಗ್ತದೆ, ನೋಡ್ತಾ ಇರಿ!"

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ವಹಾಬ್ ಎರಡೂ ಗಡಿಯಾರ ಕಿವಿಗೆ ಹಿಡಿದು ಕೇಳುತ್ತ ನಿಂತಿದ್ದ.

ಆ ಸಂಜೆ ಕಾರನ್ನು ಶೆಡ್ಡಿಗೆ ಹಾಕಿದಾಗ ವೀರಬಸಪ್ಪನ ಕಣ್ಣು ಮೀಟರಿನ ಮೇಲೆ ಬಿತ್ತು. ಸೀಟಿನ ಮೇಲೆ ವಹಾಬನ ಚೀಟಿ ಇತ್ತು. ಚೀಟಿಯ ಪ್ರಕಾರ ನೂರ ನಲವತ್ತು ಕಿಲೋಮೀಟರು ಆಗಬೇಕಿತ್ತು. ಮೀಟರಿನಲ್ಲಿ ಆಗಿದ್ದದ್ದು ನೂರ ಮೂವತ್ತಾರು. ನಾಲ್ಕನೇ ಕ್ಲಾಸಿನ ಲೆಕ್ಕವೇ ಸಾಕಾಯಿತು: ಟೈರು ದಪ್ಪವಾದರೆ ಸುತ್ತು ಕಮ್ಮಿ, ಮೀಟರಿನ ಲೆಕ್ಕವೂ ಕಮ್ಮಿ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂತ. ಆಗಲೇ ಸೈಕಲ್ ಹತ್ತಿ ಯಶವಂತಪುರಕ್ಕೆ ಹೋಗಬಹುದಿತ್ತು. ನಾಳೆ ಹೋದರಾಯಿತು ಎಂದ. ಸೋಮವಾರ ಪಾಳಿ ಇತ್ತು. ಮಂಗಳವಾರ ಹೆಂಡತಿಯ ಮೇಲೆ ಕಾರಣವಿಲ್ಲದೆ ಹರಿಹಾಯ್ದ. ಹಾಗೆ ಒಂದು ವಾರ ಕಳೆದು, ಈಗ ವಹಾಬನೇ ಎದುರಿಗೆ ಬಂದು ನಿಂತಿದ್ದ.

"ಅಣ್ಣಾ, ಜಗಳ ಆಡೋಕೆ ಬಂದಿಲ್ಲ ನಾನು," ಎಂದ ವಹಾಬ್. "ಆರು ದಿನ ಅಂಗಡಿ ಕೆಲಸ ಬಿಟ್ಟು ಎರಡೂ ಗಡಿಯಾರ ಬಿಚ್ಕೊಂಡು ಕೂತಿದ್ದೆ. ನೀವು ಹೇಳಿದ್ ಮೇಲೆ ಇದ್ರೂ ಇರಬಹುದು ಅಂತ. ಸ್ಟೇಷನ್ ಗಡಿಯಾರಕ್ಕೆ ದಿನಾ ಹೊಂದಿಸಿ ನೋಡಿದೆ. ಆರು ದಿನಕ್ಕೆ ಇಪ್ಪತ್ತು ಸೆಕೆಂಡ್ ಕೂಡ ವ್ಯತ್ಯಾಸ ಇಲ್ಲ. ಒಂದ್ ಸಲ ನನ್ ಜೊತೆ ಬನ್ನಿ. ಸುಬ್ರಹ್ಮಣ್ಯ ಅವರ ಮುಂದೆ, ಕೋಪದಲ್ಲಿ ಅಂದ್ಬಿಟ್ಟೆ, ಗಡಿಯಾರದ್ದು ತಪ್ಪಿಲ್ಲ ಅಂತ ಒಂದು ಮಾತು ಅನ್ನಿ. ಇನ್ನೇನೂ ಬೇಡ."

"ಗಡಿಯಾರದ್ದಲ್ದಿದ್ರೆ ಇನ್ಯಾರದು? ನನ್ ಕಾರಿಂದಾ?"

"ಕಾರಿಂದು ಅಂತ ನಾನು ಅಂದ್ನಾ?"

"ಮನಸ್ನಾಗೆ ಅಂದ್ಕಂಡೇ ಬಂದಿದೀಯ!"

ಅಷ್ಟರಲ್ಲಿ ವೀರಬಸಪ್ಪನ ಹೆಂಡತಿ ರತ್ನಕ್ಕ ಎರಡು ಲೋಟ ಕಾಫಿ ಹಿಡಿದು ಬಂದಳು. "ಬೀದಿಗೆಲ್ಲಾ ಕೇಳ್ತಾ ಐತೆ ನಿಮ್ ಗಂಟ್ಲು. ವಹಾಬಣ್ಣ, ಕೈ ತೊಳ್ಕಂಡ್ ಬನ್ನಿ, ರೊಟ್ಟಿ ಹಾಕಿವ್ನಿ, ತಿನ್ಕಂಡೇ ಓಗಿ" ಎಂದಳು.

ವಹಾಬ್ ಶೆಡ್ಡಿನ ಹಿಂದಿನ ನಲ್ಲಿಯ ಕಡೆ ಹೋದ. ಆಗ ವೀರಬಸಪ್ಪನಿಗೆ ನೆನಪಾಯಿತು. ಹೋಗಬೇಡ ಎನ್ನಲು ಎರಡು ಹೆಜ್ಜೆ ಮುಂದೆ ಬಂದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನೀರು ಸುಮ್ಮನೆ ಹರಿಯುತ್ತಲೇ ಇತ್ತು. ಆಮೇಲೆ ನಿಂತಿತು.

ವಹಾಬ್ ಒದ್ದೆ ಕೈಯಲ್ಲೇ ಒಳಗೆ ಬಂದ. ಕಾರಿನ ಹಿಂದೆ ಹೋಗಿ ಮಂಡಿಯೂರಿ ಕೂತ. ಬ್ಯಾಟರಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ, ಹಗಲಿತ್ತು. ಚಕ್ರದ ಮೇಲೆ ಕೈಯಾಡಿಸಿದ. ಬಿಳಿ ಗೀಟು ಅಲ್ಲಿರಲಿಲ್ಲ. ನಲ್ಲಿಯ ಪಕ್ಕ ಗೋಡೆಗೆ ಒರಗಿಸಿದ್ದ ಎರಡು ಸವೆದ ಟೈರುಗಳ ಮೇಲಿತ್ತು.

"ಯಾವಾಗ ಬದಲಾಯಿಸಿದ್ರಿ ಅಣ್ಣಾ?" ಎಂದು ಮೆಲ್ಲಗೆ ಕೇಳಿದ.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜ ಹೇಳಿದರೆ ಈಗಲೂ ನಕ್ಕುಬಿಡುವವನಂತೆ ಕಾಣುತ್ತಿದ್ದ. ಶನಿವಾರ ಕಣೋ, ತಪ್ಪಾಯ್ತು ಎಂದರೆ ಮುಗಿದುಹೋಗುತ್ತಿತ್ತು. ಈ ಮೂರು ಪದವನ್ನು ವೀರಬಸಪ್ಪ ಆಮೇಲೆ ಎಷ್ಟು ಸಲ ಹೇಳಿಕೊಂಡನೋ ಲೆಕ್ಕವಿಲ್ಲ. ಬಚ್ಚಲಲ್ಲಿ ಹೇಳಿಕೊಂಡ, ಕಾರ್ಖಾನೆಯ ಬಸ್ಸಿನಲ್ಲಿ ಹೇಳಿಕೊಂಡ. ಒಂದು ಸಲ ಯಶವಂತಪುರದಲ್ಲಿ ರಸ್ತೆಯ ಆಚೆ ನಿಂತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ತಲೆಬಗ್ಗಿಸಿ ಕೂತಿದ್ದ ವಹಾಬನನ್ನು ನೋಡುತ್ತ ಹೇಳಿಕೊಂಡು, ದಾಟದೆ ಹಾಗೇ ಹಿಂದಿರುಗಿದ. ಆದರೆ ಹೇಳಬೇಕಾಗಿದ್ದ ಆ ಗಳಿಗೆಯಲ್ಲಿ ಅವನ ಬಾಯಿಂದ ಬಂದದ್ದು ಬೇರೆ.

"ಮಂಗಳವಾರ. ಮೊನ್ನೆ ಮಂಗಳವಾರ ಆಕ್ದೆ. ಯಾಕೆ?"

ರತ್ನಕ್ಕ ಗಂಡನನ್ನು ನೋಡಿದಳು. ಶನಿವಾರ ಸಂಜೆ ಅಟ್ಟದ ಮೇಲಿಂದ ಆ ಟೈರು ಇಳಿಸಿಕೊಟ್ಟವಳು ಅವಳೇ. ಕೈಯಲ್ಲಿದ್ದ ಲೋಟದ ಕಡೆ ಕಣ್ಣು ತಗ್ಗಿಸಿದಳು. ವಹಾಬ್ ಅವಳ ಮುಖ ನೋಡಿದ. ಅವನಿಗೆ ಉತ್ತರ ಅಲ್ಲಿ ಸಿಕ್ಕಿತು.

"ಕಲ್ಲು ಸರಿಯಾಗೇ ಇತ್ತು," ಎಂದ. "ಅವತ್ತು ಮಾಕಳೀಲಿ ಕಲ್ಲು ಬಿಟ್ಟು ನಿಮ್ಮ ಮಾತು ಹಿಡಿದೆ."

"ಏನ್ಲಾ ಅಂಗಂದ್ರೆ? ನಾನು ಸುಳ್ಳು ಏಳ್ತೀನಾ? ನನ್ ಮನೇಲಿ ನಿಂತ್ಕಂಡು..."

ವಹಾಬ್ ಕಾರಿನ ಮುಂಬಾಗಿಲು ತೆಗೆದು ಒಳಗೆ ಕೂತ. ಜೇಬಿನಿಂದ ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ತೆಗೆದ. ತೇಗದ ಚೌಕಟ್ಟಿನ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ, ಆತುರವಿಲ್ಲದೆ ಬಿಚ್ಚಿದ. ಆ ಸ್ಕ್ರೂಡ್ರೈವರಿಗೆ ಅವು ದೊಡ್ಡವು. ಎರಡು ಸಲ ಜಾರಿತು. ಹಲಗೆಯ ಮೇಲೆ ಸರಿಯಾದ್ದು ಬಿದ್ದಿತ್ತು, ಅವನು ಕೇಳಲಿಲ್ಲ, ವೀರಬಸಪ್ಪ ಕೊಡಲಿಲ್ಲ. ಚೌಕಟ್ಟನ್ನು ಕಂಕುಳಿಗೆ ಇಟ್ಟುಕೊಂಡು ಇಳಿದು, ಸ್ಕ್ರೂಗಳನ್ನು ಹಲಗೆಯ ಮೇಲಿಟ್ಟ.

"ಇವು ನಿಮ್ಮವು ವೀರಬಸಪ್ಪನೋರೇ."

ಐದು ವರ್ಷದಲ್ಲಿ ಅವನು ಹಾಗೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ವಹಾಬಣ್ಣ, ರೊಟ್ಟಿ..." ಎಂದಳು ರತ್ನಕ್ಕ.

"ಬೇಡ ಅಕ್ಕ. ಬರ್ತೀನಿ."

"ಓಗ್ಲಿ ಬಿಡು!" ಎಂದು ವೀರಬಸಪ್ಪ ಕೂಗಿದ. "ಎಲ್ಲಿಗೆ ಓಯ್ತಾನೆ? ಬರೋ ಭಾನ್ವಾರ ತಾನೇ ಬತ್ತಾನೆ!" ಹೊರಗಿನವನಿಗೆ ಕೇಳಲಿ ಎಂದೇ ಕೂಗಿದ. ಕೇಳಿ, ನಿಂತು, ತಿರುಗಿ ಏನಾದರೂ ಅನ್ನಲಿ ಎಂದು.

ವಹಾಬ್ ಸೈಕಲ್ಲಿನ ಸ್ಟ್ಯಾಂಡು ತೆಗೆದ. ಚೌಕಟ್ಟನ್ನು ಹಿಂದಿನ ಕ್ಯಾರಿಯರಿಗೆ ಸಿಕ್ಕಿಸಿದ. ಹೊರಗೆ ಹೋಗಿ, ಬೀದಿಯ ದನ ನುಗ್ಗದಂತೆ ಯಾವಾಗಲೂ ಮಾಡುತ್ತಿದ್ದ ಹಾಗೆ ಕೈ ಒಳಗೆ ಚಾಚಿ ಗೇಟಿನ ಚಿಲಕ ಹಾಕಿದ. ಹತ್ತಿ ಹೊರಟುಹೋದ. ಆ ಚಿಲಕವನ್ನು ಅವನು ಮತ್ತೆ ತೆಗೆಯಲಿಲ್ಲ.