ಹೆಗಲ ಮೇಲಿನ ಮನೆ

ಮನೆಯ ಕೆಳಗಿನ ನೆಲವನ್ನು ಮಾರಿ ಬಂದ ಸಂಗತಿಯನ್ನು ಲಾ ತಿನ್ರೊ ಹೆಂಡತಿಗೆ ತಿಳಿಸಿದ್ದು ಅವಳು ಮೀನು ಹೆಚ್ಚುತ್ತಿದ್ದಾಗ. ಹೊತ್ತು ನೋಡಿ ಮಾತಾಡುವ ಜಾಣತನ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಚೆನ್ನಿಂಗ್ ತಲೆಯೆತ್ತಿದಳು. ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಡಲಿಲ್ಲ.

"ನೆಲ ಮಾರಿದ್ರಾ? ನಾನು ಕೂತಿರೋ ಈ ನೆಲಾನಾ?"

"ನೀನು ಕೂತಿರೋದು ಹಲಗೆ ಮೇಲೆ ಕಣೇ. ನಾನು ಮಾರಿದ್ದು ಅದರ ಕೆಳಗಿನ ಮಣ್ಣು."

ಮಾತೇನೋ ಸರಿಯಾಗಿತ್ತು. ನಮ್ಮ ಕಡೆ ಮನೆ ಬೇರೆ, ನೆಲ ಬೇರೆ. ಕಂಬಗಳ ಮೇಲೆ ನಿಂತ ಆ ಮರದ ಮನೆ ಚೆನ್ನಿಂಗ್‌ಗೆ ತಾಯಿಯಿಂದ ಬಂದದ್ದು. ಅದರಡಿಯ ಮಣ್ಣು ಲಾ ತಿನ್ರೊಗೆ ಅಪ್ಪನಿಂದ ಬಂದದ್ದು. ಮದುವೆಯಾದಾಗಿನಿಂದ ಎರಡೂ ಒಂದೇ ಅಂದುಕೊಂಡು ಇಬ್ಬರೂ ಬಾಳಿದ್ದರು. ಈಗ ಮಕಾಸ್ಸರ್ ಪಟ್ಟಣದಿಂದ ಬಂದ ಸಾಹುಕಾರನೊಬ್ಬ ಆ ಮಣ್ಣಿನ ಮೇಲೆ ಕಣ್ಣು ಹಾಕಿದ್ದ. ಅಲ್ಲಿ ಅವನು ಕಿಟಕಿಯೇ ಇಲ್ಲದ ಎತ್ತರದ ಸಿಮೆಂಟು ಕಟ್ಟಡ ಎಬ್ಬಿಸಿ, ಒಳಗೆ ಧ್ವನಿವರ್ಧಕದಲ್ಲಿ ಚಿಲಿಪಿಲಿ ಹಾಕಿ, ಬಾನಾಡಿ ಹಕ್ಕಿಗಳನ್ನು ಕರೆಯುವವನಿದ್ದ. ಹಕ್ಕಿಗಳು ತಮ್ಮ ಎಂಜಲಿನಿಂದ ಕಟ್ಟುವ ಗೂಡನ್ನು ಚೀನಾದವರು ಚಿನ್ನದ ಬೆಲೆ ಕೊಟ್ಟು ಕೊಂಡು ಸೂಪು ಮಾಡಿ ಕುಡಿಯುತ್ತಾರಂತೆ.

"ಅಂದ್ರೆ ನನ್ನ ಎಬ್ಬಿಸಿ ಹಕ್ಕಿಗೆ ಜಾಗ ಮಾಡಿಕೊಟ್ರಿ ಅನ್ನಿ."

"ಹಕ್ಕಿ ಬಾಡಿಗೆ ಕೊಡ್ತದೆ, ನೀ ಕೊಡ್ತೀಯಾ?" ಎಂದು ನಕ್ಕ ಲಾ ತಿನ್ರೊ, ಹೆಂಡತಿ ನಗದಿದ್ದುದನ್ನು ನೋಡಿ ದನಿ ಇಳಿಸಿದ. ಮಾರಿದ ದುಡ್ಡಿನಲ್ಲಿ ನದಿಯ ಪಕ್ಕದ ಬಯಲಲ್ಲಿ ಬೇರೆ ನಿವೇಶನ ಹಿಡಿದಿದ್ದ. ಸರ್ಕಾರದವರು ಅಲ್ಲಿ ಕೆಂಪು ಪಟ್ಟಿ ಕಟ್ಟಿದ ಗೂಟ ನೆಟ್ಟು ಹೋಗಿದ್ದರು. ದೊಡ್ಡ ರಸ್ತೆ ಬರುತ್ತದೆ; ರಸ್ತೆ ಬಂದರೆ ಲಾರಿ ಬರುತ್ತದೆ; ಲಾರಿಯಲ್ಲಿ ಚಾಲಕರಿರುತ್ತಾರೆ; ಅವರೆಲ್ಲ ಲಾ ತಿನ್ರೊನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾರೆ. ಅವನ ತಲೆಯಲ್ಲಿ ಆಗಲೇ ಲೋಟಗಳು ತೊಳೆಯಲು ಬಿದ್ದಿದ್ದವು.

"ಮನೆ ಎತ್ತಿಸಲೇಬೇಕಾದ್ರೆ ನಮ್ಮಮ್ಮನ ದಿಬ್ಬಕ್ಕೆ ಒಯ್ಯೋಣ. ಬಾವಿ ಇದೆ, ಮಾವಿನ ಮರ ಇದೆ, ತಂಗಿ ಮನೆ ಪಕ್ಕಕ್ಕೇ ಇದೆ," ಎಂದಳು ಚೆನ್ನಿಂಗ್.

"ಆ ದಿಬ್ಬ ಹತ್ತಿ ಕಾಫಿ ಕುಡಿಯೋಕೆ ಯಾವನು ಬರ್ತಾನೆ? ಮೇಕೆ ಬರ್ತವೆ."

ಮರುದಿನ ಅವನೇ ಅವಳನ್ನು ಬಯಲಿಗೆ ಕರೆದೊಯ್ದ. ಮನೆಯ ಕಂಬಗಳಿಗೆ ಬೇಕಾದ ಅಡಿಗಲ್ಲುಗಳನ್ನು ಯಾರ ಸಹಾಯವೂ ಇಲ್ಲದೆ ತಾನೇ ಹೊತ್ತು ತಂದು ಸಾಲಾಗಿ ಕೂರಿಸಿದ್ದ. ಚೆನ್ನಿಂಗ್ ಕಲ್ಲುಗಳ ಕಡೆ ನೋಡಲಿಲ್ಲ. ಅಲ್ಲಿದ್ದ ತೆಂಗಿನ ಮರದ ಬಳಿ ಹೋಗಿ ನಿಂತಳು. ಹೋದ ಮಳೆಗಾಲದ ನೆರೆ ಬಿಟ್ಟುಹೋದ ಕೆಸರಿನ ಗೆರೆ ಅವಳ ಸೊಂಟಕ್ಕಿಂತ ಮೇಲಿತ್ತು. ಅದರ ಮೇಲೆ ಬೆರಳಾಡಿಸಿದಳು, ಕೈ ಒರೆಸಿಕೊಂಡಳು, ಮನೆಗೆ ಬಂದಳು. ರಾತ್ರಿ ಬಡಿಸುವಾಗ, "ಆಯ್ತು, ಶುಕ್ರವಾರ ಎತ್ತಿಸಿ. ಊಟದ ವ್ಯವಸ್ಥೆ ನನಗೆ ಬಿಡಿ," ಎಂದಳು.

ಲಾ ತಿನ್ರೊ ಹಿರಿಹಿರಿ ಹಿಗ್ಗಿದ. ಹೆದರಬೇಕಾದದ್ದು ಆಗ.

ಮನೆ ಎತ್ತಲು ನಮ್ಮೂರಲ್ಲಿ ಯಾರೂ ಕೂಲಿ ಕೇಳುವುದಿಲ್ಲ. ಹೊಟ್ಟೆ ತುಂಬ ಊಟ ಹಾಕಿದರೆ ಸಾಕು. ಹಾಗಾಗಿ ಯಾರ ಮನೆ ಎತ್ತುತ್ತಾರೆ ಎಂದು ವಿಚಾರಿಸುವ ಮೊದಲು ಯಾರು ಅಡುಗೆ ಮಾಡುತ್ತಾರೆ ಎಂದು ವಿಚಾರಿಸುವುದು ರೂಢಿ. ಚೆನ್ನಿಂಗ್ ಅಡುಗೆ ಎಂದು ತಿಳಿದದ್ದೇ ಪಕ್ಕದೂರಿನ ಗಂಡಸರೂ ಬಂದರು. ಅವರಲ್ಲಿ ಕೆಲವರು ಬೆಳಗ್ಗೆ ಬೇಕೆಂದೇ ಏನೂ ತಿಂದಿರಲಿಲ್ಲ.

ಶುಕ್ರವಾರದ ನಮಾಜು ಮುಗಿದ ಮೇಲೆ ಮನೆಯಡಿಗೆ ಉದ್ದಕ್ಕೂ ಅಡ್ಡಕ್ಕೂ ಬಿದಿರು ಕಟ್ಟಿದರು. ಪಾತ್ರೆ, ಪೆಟ್ಟಿಗೆ, ಮಂಚ ಎಲ್ಲವನ್ನೂ ಮೊದಲೇ ಹೊರಗೆ ಸಾಗಿಸಿಯಾಗಿತ್ತು. ಪುವಾಂಗ್ ಸೆಸ್ಸು ಮನೆಯ ಏಣಿಯ ಮೇಲ್ತುದಿಯ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತ. ಊರಿನ ಮನೆಗಳನ್ನೆಲ್ಲ ಎತ್ತಿಸಿದ ಮುದುಕ ಅವನು; ಪುವಾಂಗ್ ಎಂಬುದು ಹಿರಿಯರಿಗೆ ನಾವು ಕೊಡುವ ಮರ್ಯಾದೆ. ಅವನ ಕೂಗಿಲ್ಲದೆ ಒಂದು ಕೋಳಿಗೂಡೂ ಅಲುಗುವುದಿಲ್ಲ.

"ಎತ್ತ್ರೋ! ಒಂದೇ ಉಸಿರಿಗೆ!"

ಮನೆ ನರಳಿತು, ಮೆಲ್ಲಗೆ ಮೇಲೆದ್ದಿತು. ಕಂಬಗಳ ಕೆಳಗೆ ನೂರಾರು ಕಾಲುಗಳು ಮೂಡಿದವು. ಲಾ ತಿನ್ರೊ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಎತ್ತರ. ಆ ಎತ್ತರದಿಂದಾಗಿಯೇ ದಿನಕ್ಕೊಮ್ಮೆಯಾದರೂ ಆ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡು ಬೈಸಿಕೊಳ್ಳುತ್ತಿದ್ದ. ಈಗ ಬಿದಿರೆಲ್ಲ ಅವನ ಹೆಗಲ ಮೇಲೇ ಕೂತಿತ್ತು.

"ಲಾ ತಿನ್ರೊ, ಸ್ವಲ್ಪ ಕುಗ್ಗೋ! ಮನೆ ವಾಲ್ತಿದೆ!" ಎಂದ ಪುವಾಂಗ್.

"ಕುಗ್ಗಿದ್ರೆ ಬೀಳ್ತೀನಿ ಪುವಾಂಗ್!"

"ಬಿದ್ರೆ ಬೀಳು, ಮನೆ ಬೀಳಬಾರದು. ಮನೆ ನಿಂದಲ್ಲ."

ಹಿಂದಿನಿಂದ ಉಪೆ ಎಂಬ ತುಂಟ ಕೂಗಿದ: "ಅಣ್ಣಾ, ನೆಲ ಮಾರಿದೆ, ಮನೆ ಅತ್ತಿಗೇದು. ನಿಂದು ಅಂತ ಏನಿದೆ?"

"ಹಸಿವಿದೆ!" ಎಂದ ಲಾ ತಿನ್ರೊ. ನಗು ಕೊನೆಯ ಬಿದಿರಿನವರೆಗೂ ಹರಿದು ಮನೆ ಇನ್ನಷ್ಟು ವಾಲಿತು.

ಬಯಲಿಗೆ ಹೋಗುವ ದಾರಿ ಚೆನ್ನಿಂಗ್ ಹೇಳಿದ್ದ ಅದೇ ದಿಬ್ಬದ ಮೇಲೆ ಹಾದು ಆ ಕಡೆ ಇಳಿಯುತ್ತದೆ. ಏರಿನ ಅರ್ಧದಲ್ಲಿ ಎಲ್ಲರ ನಾಲಗೆ ಹೊರಬಂದಿತ್ತು. ಆಗ ಗಾಳಿ ತಿರುಗಿತು. ತೆಂಗಿನಕಾಯಿ ಹುರಿದು ಹಾಕಿದ ಕೋಳಿಯ ವಾಸನೆ, ತೆಂಗಿನ ಹಾಲಲ್ಲಿ ಬೆಂದು ಬಾಳೆಎಲೆಯೊಳಗೆ ಕೂತ ಅನ್ನದ ವಾಸನೆ, ಕೆಂಡದ ಮೇಲೆ ಸುಡುತ್ತಿದ್ದ ಮೀನಿನ ವಾಸನೆ. ಪುವಾಂಗ್ ಕೂಗುವ ಮೊದಲೇ ಮನೆ ಓಡತೊಡಗಿತು.

ದಿಬ್ಬದ ನೆತ್ತಿಯ ಮಾವಿನ ಮರದಡಿ ಚಾಪೆಗಳು ಸಾಲಾಗಿ ಹಾಸಿದ್ದವು. ಚೆನ್ನಿಂಗ್ ಉಟ್ಟ ಲುಂಗಿಯನ್ನು ಸೊಂಟಕ್ಕೆ ಬಿಗಿದು, ತಂಗಿ ಸಿತ್ತಿಯೊಡನೆ ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ನಿಂತಿದ್ದಳು.

"ಇಲ್ಯಾಕೆ? ಊಟ ಬಯಲಲ್ಲಿ ಅಲ್ವಾ?" ಲಾ ತಿನ್ರೊ ಹೆಗಲ ಮೇಲೆ ಮನೆ ಹೊತ್ತೇ ಅರಚಿದ.

"ಹೊಟ್ಟೆ ಹಸಿದವರನ್ನ ಅಷ್ಟು ದೂರ ನಡೆಸೋದಾ ಮಿನಾನ ಅಪ್ಪಾ? ಪಾಪ ಬರಲ್ವಾ?" ಮದುವೆಯಾಗಿ ಹೋದ ಮಗಳು ಮಿನಾಳ ಹೆಸರು ಹಿಡಿದೇ ಗಂಡನನ್ನು ಕರೆಯುವುದು ಅವಳ ರೂಢಿ.

"ಇಳಿಸ್ಬೇಡ್ರೋ! ಮುಂದೆ ನಡೀರಿ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ. ಯಾರಿಗೆ ಕೇಳಬೇಕು? ಪುವಾಂಗ್ ಸೆಸ್ಸು ಮೂಗು ಅರಳಿಸಿ ಗಾಳಿ ಎಳೆದುಕೊಂಡ.

"ಒಂದು ಗೇಣು ಎಡಕ್ಕೆ. ಸಾಕು. ಹಿಂದಿನವರು ಅರ್ಧ ಹೆಜ್ಜೆ. ಹಾ, ಇಳಿಸ್ರೋ!"

ಸುಮ್ಮನೆ ಊಟಕ್ಕೆ ಇಳಿಸುವ ಮನೆಗೆ ಎಡ ಬಲ ಯಾಕೆ ಎಂದು ಲಾ ತಿನ್ರೊ ಯೋಚಿಸುವಷ್ಟರಲ್ಲಿ ಕಂಬಗಳು ಒಣಗಿದ ತೆಂಗಿನ ಗರಿಗಳ ಮೇಲೆ ಕೂತಿದ್ದವು. ಬಗ್ಗಿ ಗರಿ ಸರಿಸಿದ. ಕೆಳಗೆ ಅಡಿಗಲ್ಲು. ಇನ್ನೊಂದು ಕಂಬಕ್ಕೆ ಓಡಿದ. ಅಲ್ಲೂ ಕಲ್ಲು. ಅಳತೆ ತಪ್ಪಿರಲಿಲ್ಲ. ಸಿತ್ತಿಯ ಗಂಡ ಎಲ್ಲರಿಗಿಂತ ಮೊದಲು ಊಟಕ್ಕೆ ಕೂತು, ತಟ್ಟೆಯಿಂದ ತಲೆ ಎತ್ತಲೇ ಇಲ್ಲ.

ಅಷ್ಟರಲ್ಲಿ ಚೆನ್ನಿಂಗ್ ಮಣ್ಣಿನ ಮಡಕೆಯಲ್ಲಿ ಕೆಂಡ ಹಿಡಿದು ಏಣಿ ಹತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ಹೊಗೆ ಬಂತು. ಮನೆಯ ಹೆಣ್ಣು ಒಲೆ ಹಚ್ಚಿದ ಮೇಲೆ ಮನೆ ಕೂತಂತೆ. ಮತ್ತೆ ಎತ್ತಿಸಬೇಕಾದರೆ ಒಂದು ಬೆಳೆ ಕಳೆಯಬೇಕು. ಇದು ಲಾ ತಿನ್ರೊಗೂ ಗೊತ್ತು.

"ಪುವಾಂಗ್, ಇದು ಮೋಸ!"

"ಮೋಸ ಇರಬಹುದು ಮಗಾ," ಎಂದ ಮುದುಕ ಕೋಳಿ ಕಾಲು ಚೀಪುತ್ತ, "ಉಪ್ಪು ಖಾರ ಮಾತ್ರ ಸರಿಯಾಗಿದೆ."

ಲಾ ತಿನ್ರೊ ಊಟ ಮುಟ್ಟಲಿಲ್ಲ. ಟೋಪಿಯನ್ನು ನೆಲಕ್ಕೆ ಬಡಿದು, ಮತ್ತೆ ಎತ್ತಿಕೊಂಡು, ಒಬ್ಬನೇ ದಿಬ್ಬ ಇಳಿದು ಬಯಲಿಗೆ ಹೋದ.

ಸಂಜೆಯ ಹೊತ್ತಿಗೆ ಜನ ತೇಗುತ್ತ ಚದುರಿದರು. ಗೆದ್ದ ಸಂತೋಷ ಚೆನ್ನಿಂಗ್‌ಗೆ ಪಾತ್ರೆ ತೊಳೆಯುವವರೆಗೂ ಉಳಿಯಲಿಲ್ಲ. ಕಿಟಕಿಯಿಂದ ನೋಡಿದರೆ ಬಯಲಲ್ಲಿ ತಾನೇ ಕೂರಿಸಿದ್ದ ಅಡಿಗಲ್ಲೊಂದರ ಮೇಲೆ ಮಂಡಿ ಅಪ್ಪಿಕೊಂಡು ಕೂತ ಗಂಡ ಕಾಣುತ್ತಿದ್ದ. ಮನೆಯಿಂದ ಹೊರಗೆ ಹಾಕಿಸಿಕೊಂಡವನಂತೆ ಕೂತಿದ್ದಾನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಎತ್ತಿಟ್ಟಿದ್ದ ಮೀನಿನ ತಲೆಯನ್ನು ಅನ್ನದ ಮೇಲಿಟ್ಟು, ಬಾಳೆಎಲೆ ಮುಚ್ಚಿ ಇಳಿದು ಬಂದಳು.

ತಟ್ಟೆಯನ್ನು ಪಕ್ಕಕ್ಕಿಟ್ಟು ತಾನೂ ಒಂದು ಕಲ್ಲಿನ ಮೇಲೆ ಕೂತಳು. ಅವನು ಸ್ವಲ್ಪ ಹೊತ್ತು ಬಿಗುಮಾನದಿಂದ ನದಿ ನೋಡಿದ. ಆಮೇಲೆ ಮೀನಿನ ತಲೆ ನೋಡಿದ. ಆಮೇಲೆ ಕೈ ತೊಳೆದುಕೊಂಡ.

"ನಾ ಕೂತಿರೋದು ಎಲ್ಲಿ? ಅಡುಗೆಮನೇಲಾ?" ಎಂದಳು.

"ಅಲ್ಲ. ಅದು ಅಂಗಡಿ. ಗಿರಾಕಿ ಕೂರೋ ಜಾಗ."

"ಏಣಿ?"

"ಅಗೋ, ಆ ಎರಡು ಕಲ್ಲಿನ ನಡುವೆ."

"ಒಲೆ ಎಲ್ಲಿಟ್ಟಿದ್ರಿ?"

ಅವನು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಮೂಲೆಯ ಕಲ್ಲು ತೋರಿಸಿದ. "ಅಲ್ಲಿ. ಅಡುಗೆ ಮಾಡ್ತಾ ನಿಂಗೆ ನದಿ ಕಾಣ್ಲಿ ಅಂತ. ಹಳೇ ಮನೇಲಿ ಬರೀ ಪಕ್ಕದವರ ಗೋಡೆ ನೋಡಿದ್ದೀಯ."

ಚೆನ್ನಿಂಗ್ ಆ ಕಲ್ಲಿನ ಕಡೆ ತಿರುಗಿ ನೋಡಿದಳು. ಈ ಗಂಡಸು ತನ್ನ ಒಲೆಯ ಬಗ್ಗೆ ಯೋಚಿಸಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ? ಬಂದವಳೇ ತೆಂಗಿನ ಮರಕ್ಕೆ ಅಂಟಿಕೊಂಡೆ."

"ಮಳೆಗಾಲದಲ್ಲಿ ನದಿ ಒಲೆ ಮುಂದೆ ಅಲ್ಲ ಮಿನಾನ ಅಪ್ಪಾ, ಒಲೆ ಒಳಗೇ ಕಾಣ್ತಿತ್ತು."

ಅವನಿಗೆ ನಗು ತಡೆಯಲಾಗಲಿಲ್ಲ, ಅನ್ನ ನೆತ್ತಿಗೇರಿತು. ಅವಳು ಎದ್ದು ಬೆನ್ನು ತಟ್ಟಿದಳು. ಊಟ ಮುಗಿಯುವವರೆಗೆ ಅವನು ಬೆಂಚು ಎಲ್ಲಿ, ಲೋಟದ ಹಲಗೆ ಎಲ್ಲಿ, ಲಾರಿಗಳು ಎಲ್ಲಿ ನಿಲ್ಲುತ್ತವೆ ಎಂದು ಒಂದೊಂದಾಗಿ ತೋರಿಸಿದ. ಅವಳು ಹೂಂಗುಟ್ಟುತ್ತ ಎಲ್ಲವನ್ನೂ ನೋಡಿದಳು. ಮೇಲೆ ದಿಬ್ಬದಲ್ಲಿ ಸಿತ್ತಿ ಯಾವಾಗಲೋ ಅವರ ಮನೆಯ ದೀಪ ಹಚ್ಚಿದ್ದಳು.

"ಏಳಿ, ಹೋಗೋಣ," ಎಂದು ಚೆನ್ನಿಂಗ್ ಖಾಲಿ ತಟ್ಟೆ ಎತ್ತಿಕೊಂಡಳು.

ದಿಬ್ಬಕ್ಕೆ ನೇರ ದಾರಿ ಅವಳು ಕೂತಿದ್ದ ಕಲ್ಲಿನ ಪಕ್ಕದಲ್ಲೇ ಇತ್ತು. ಅವಳು ಆ ಕಡೆ ಹೋಗಲಿಲ್ಲ. ಕಲ್ಲುಗಳ ಒಳಗಿನಿಂದಲೇ ಸುತ್ತು ಹಾಕಿ, ಬೆಂಚು ಇರಬೇಕಾದ ಜಾಗವನ್ನು ಬಳಸಿ, ಅವನು ತೋರಿಸಿದ ಆ ಎರಡು ಕಲ್ಲುಗಳ ನಡುವಿನಿಂದ ಹೊರಗೆ ಕಾಲಿಟ್ಟಳು.

ಹಿಂದೆಯೇ ಬಂದ ಲಾ ತಿನ್ರೊ ಅಲ್ಲಿಗೆ ತಲುಪಿದಾಗ, ಇಲ್ಲದ ಬಾಗಿಲಿಗೆ ಹಣೆ ಬಡಿಯದಂತೆ ತಲೆ ಬಗ್ಗಿಸಿದ.