ಗುಂಡನ ಎರಡನೆಯ ಸುತ್ತು

ಬೀದಿಯ ಜನ ಅವಳನ್ನು ನಾಯಿಯಕ್ಕ ಎನ್ನುತ್ತಿದ್ದರು. ಮನೆಯವರು ಕೆಲಸಕ್ಕೆ ಹೊರಟ ಮೇಲೆ ಅವರ ನಾಯಿಗಳನ್ನು ಉದ್ಯಾನದಲ್ಲಿ ಅಡ್ಡಾಡಿಸಿ ತರುವುದೇ ಅವಳ ಕಸುಬು. ಐದು ಹಗ್ಗಗಳನ್ನು ಸೊಂಟದ ಪಟ್ಟಿಗೆ ಬಿಗಿದು ನಡೆಯುವಳು. ಎಡಗಡೆಯ ಕೊನೆಗೆ ಕುರುಡು ಮುದಿನಾಯಿ ಅಜ್ಜ. ಅವನಿಗೆ ಒತ್ತಿಕೊಂಡು ಕುಂಬಳಕಾಯಿಯಂಥ ಗುಂಡ. ಆಚೆಗೆ ಮೂರು ಪುಂಡ ಮರಿಗಳು. ಗುಂಡನ ಪಕ್ಕೆಯೇ ಅಜ್ಜನಿಗೆ ಕಣ್ಣು. ಅದು ಸರಿದರೆ ನೆಟ್ಟ ಕಂಬದಂತೆ ನಿಂತುಬಿಡುವನು. ಗುಂಡನ ಒಂದು ಗುರ್ರಿಲ್ಲದಿದ್ದರೆ ಮರಿಗಳೂ ಕಚ್ಚಾಡಿ ಹಗ್ಗವನ್ನು ಜಡೆ ಹೆಣೆಯುವವು.

ಒಬ್ಬರ ಕೈಯಲ್ಲಿ ನಾಲ್ಕಕ್ಕಿಂತ ಹೆಚ್ಚು ನಾಯಿ ಇರಕೂಡದೆಂಬ ಪ್ರಸ್ತಾವವನ್ನು ನಗರಸಭೆ ಉದ್ಯಾನದ ಬಾಗಿಲಿಗೆ ಅಂಟಿಸಿದಂದಿನಿಂದ ಅವಳ ಕಾಲು ನಿಂತಲ್ಲಿ ನಿಲ್ಲದಾಯಿತು. ಅರ್ಧ ತೊಳೆದ ಪಾತ್ರೆ ಬಿಟ್ಟು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

“ನನ್ನ ಕೈಲೂ ನಾಲ್ಕು ತುಂಬಿದೆ ಅತ್ತಿಗೆ. ಅಜ್ಜನ್ನ ಬಿಟ್ಬಿಡಿ,” ಎಂದಳು ಅದೇ ಕಸುಬಿನ ನಾದಿನಿ. “ಇವತ್ತೋ ನಾಳೆಯೋ ಅನ್ನೋ ಜೀವ.”

“ನಿಮ್ಮಣ್ಣನೂ ಕನ್ನಡಕ ಇಲ್ದೆ ಗೋಡೆಗೆ ಹಾಯ್ತಾರೆ. ಬಿಟ್ಬಿಡ್ಲಾ?”

“ಅಯ್ಯೋ, ವಾಪಸ್ ನನ್ನ ತಲೆಗೇ ಕಟ್ತೀರಾ? ಬೇಡ ತಾಯಿ!”

ಅಹವಾಲು ಸಭೆಯಲ್ಲಿ ನಾಯಿಯಕ್ಕ ಎದ್ದು, ಈ ಐದನ್ನು ಒಡೆದರೆ ಕುರುಡು ಜೀವಕ್ಕೆ ದಾರಿಯಿಲ್ಲವೆಂದು ವಿವರಿಸಿದಳು. ಮಾತು ಹದವಾಗಿ ಸಾಗಿತ್ತು, ಅಧ್ಯಕ್ಷರೂ ತಲೆದೂಗುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ತಾಯಿ ಧಿಗ್ಗನೆ ಎದ್ದಳು. ಹಿಂದೊಮ್ಮೆ ಉದ್ಯಾನದಲ್ಲಿ ಯಾರೋ ಹಗ್ಗವಿಲ್ಲದೆ ಬಿಟ್ಟಿದ್ದ ನಾಯಿಯೊಂದು ಅವಳ ಮಗಳನ್ನು ಕೆಡವಿತ್ತು.

“ಸಾಕು ನಿಮ್ಮ ನಾಯಿಪುರಾಣ! ನನ್ನ ಮಗಳು ಪಾರ್ಕಿಗೆ ಕಾಲಿಡಲ್ಲ ಈಗ—”

ನಾಯಿಗಳನ್ನು ಕೂರಿಸುವಾಗ ಎತ್ತುವಂತೆ ನಾಯಿಯಕ್ಕನ ಅಂಗೈ ತಾನಾಗಿಯೇ ಮೇಲೆದ್ದಿತು. “ಕೂತ್ಕೋ!”

ತಾಯಿ ಥಟ್ಟನೆ ಕೂತಳು. ಸಭೆ ಗೊಳ್ಳೆಂದು ನಕ್ಕಿತು. ನಗೆ ಆರಿದ ಮೇಲೆ ಅವಳ ಕೆಂಪೇರಿದ ಮುಖವೊಂದೇ ಉಳಿಯಿತು.

“ನಾನೇನು ನಿಮ್ಮ ನಾಯಿನಾ?”

ಅಧ್ಯಕ್ಷರು ಮತ್ತೆ ತಲೆದೂಗಲಿಲ್ಲ. ಪ್ರಸ್ತಾವ ಅಂದೇ ನಿಯಮವಾಯಿತು.

“ಮಾತು ಆಡಿದ್ರೆ ಹೋಯ್ತು ಅಂತಾರೆ,” ನಾದಿನಿ ಮೆಟ್ಟಿಲಿಳಿಯುತ್ತ ಗೊಣಗಿದಳು. “ನಿಮ್ಮ ಮಾತಲ್ಲಿ ಪಾರ್ಕೇ ಹೋಯ್ತಲ್ಲ ಅತ್ತಿಗೆ!”

ಅಜ್ಜನನ್ನು ಬಿಡಲು ಮಾತ್ರ ನಾಯಿಯಕ್ಕನಿಗೆ ಮನಸ್ಸಾಗಲಿಲ್ಲ. ನಿಯಮದ ಮೊದಲ ದಿನ, ಗುಂಡನ ಜೊತೆ ಮರಿಗಳನ್ನು ಸುತ್ತಾಡಿಸಿ ಮನೆ ಸೇರಿಸಿದಳು. ಆಮೇಲೆ ಅದೇ ಗುಂಡನ ಪಕ್ಕಕ್ಕೆ ಅಜ್ಜನನ್ನು ಕಟ್ಟಿಕೊಂಡು ಮರಳಿ ಹೊರಟಳು. ಉದ್ಯಾನದ ಬಾಗಿಲಿಗೆ ಬರುತ್ತಲೇ, ಮೊದಲ ಸುತ್ತಿಗೇ ದಣಿದಿದ್ದ ಗುಂಡ ಮೂಟೆ ಇಳಿಸಿದಂತೆ ಕುಸಿದು ಕೂತ. ಪಕ್ಕೆ ತಪ್ಪಿದ ಅಜ್ಜ ಕಂಬವಾದ. ಅವಳು ಎಳೆದಳು, ಗದರಿದಳು, ಗೋಗರೆದಳು, ಗುಂಡ ಆಕಳಿಸಿದ.

ಬಾಗಿಲ ಒಳಗೆ ಸಭೆಯ ಆ ತಾಯಿ, ಹೊಸ ನಿಯಮದ ಧೈರ್ಯದ ಮೇಲೆ ಕರೆತಂದ ಮಗಳ ಕೈಹಿಡಿದು ನಿಂತಿದ್ದಳು.

“ಕೂತ್ಕೋ ಅಂತ ಮಾತ್ರ ಕಲಿಸಿದ್ದೀರಾ? ಎದ್ದೇಳು ಅಂತ ಕಲಿಸಿಲ್ವಾ?”

“ಇಲ್ಲಮ್ಮ. ಅವತ್ತು ತಪ್ಪಾಯ್ತು. ಬೇಕಂತ ಅಂದಿದ್ದಲ್ಲ, ಅಭ್ಯಾಸ.”

“ಬೇಕಂತ ಯಾವ ನಾಯಿನೂ ಕೆಡವಲ್ಲ. ನನಗೆ ಭಯ ಅದೇ.”

ಅಜ್ಜ ಮೂಗು ತಗ್ಗಿಸಿ ತಡಕಿದ. ಗುಂಡನ ಕಿವಿ ಸಿಕ್ಕಿತು. ತನ್ನ ಮುದಿ ಭಾರವನ್ನೆಲ್ಲ ಅದಕ್ಕೆ ಒರಗಿಸಿದ. ಗುಂಡ ಉಸ್ಸೆಂದು ಎದ್ದ. ತಾಯಿ ಮಗಳನ್ನು ಒಂದು ಹೆಜ್ಜೆ ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟಳು. ಮಗು ಅಮ್ಮನ ಬೆನ್ನಿನಿಂದ ಇಣುಕಿತು.

ಕೃತಜ್ಞತೆಗೆ ಕೈಯೆತ್ತಹೋದ ನಾಯಿಯಕ್ಕ, ಗುಂಡ ಮತ್ತೆ ಕೂತಾನೆಂದು ಅಂಗೈಯನ್ನು ಜೇಬಿಗೆ ತುರುಕಿದಳು. ಇಂದೇನೋ ಎದ್ದ, ನಾಳೆ ಎದ್ದಾನೆಯೇ? ಜೇಬಿನೊಳಗೆ ಬೆರಳುಗಳು ಮಡಚುತ್ತ ಬಿಚ್ಚುತ್ತಲೇ ಇದ್ದವು.